ಕೋಲನ್ ಡಟ

ಟರ್ಮಿನಲ್‌ನಲ್ಲಿ ಎಡಿಟರ್ ತೆರೆಯಲು ಬೇಕಾದದ್ದು ಎರಡೇ ಅಕ್ಷರ: ವಿ, ಐ. ಅದರ ಮುಂದೆ ಫೈಲಿನ ಹೆಸರು, ಆಮೇಲೆ ಎಂಟರ್. ಅಷ್ಟಕ್ಕೇ ಪರದೆಯ ಮೇಲಿದ್ದದ್ದೆಲ್ಲ ಮಾಯವಾಗಿ ಎಡ ಅಂಚಿನಲ್ಲಿ ಟಿಲ್ಡೆ ಗುರುತುಗಳು ಸಾಲುಗಟ್ಟಿ ನಿಂತುಬಿಡುತ್ತವೆ. ಮೆನು ಇಲ್ಲ, ಬಟನ್ ಇಲ್ಲ, ಬನ್ನಿ ಕೂತ್ಕೊಳ್ಳಿ ಅನ್ನುವವರಿಲ್ಲ. ಬಂದವರು ಓದಲು ಬಂದಿದ್ದಾರೋ ಬರೆಯಲು ಬಂದಿದ್ದಾರೋ ಎಂದು ಕೇಳುವುದೂ ಇಲ್ಲ. ಓದಲು ಬಂದಿದ್ದಾರೆಂದೇ ಲೆಕ್ಕ. ಬರೆಯುವ ಚಪಲವಿದ್ದರೆ ಐ ಒತ್ತಬೇಕು. ಚಪಲ ತೀರಿದ ಮೇಲೆ ಎಸ್ಕೇಪ್ ಒತ್ತಬೇಕು. ಬರೆದದ್ದನ್ನು ಉಳಿಸಿ ಹೊರಡಬೇಕಿದ್ದರೆ ಕೋಲನ್, ಡಬ್ಲ್ಯೂ, ಕ್ಯೂ. ಏನನ್ನೂ ಉಳಿಸದೆ ತಪ್ಪಿಸಿಕೊಂಡು ಓಡಬೇಕಿದ್ದರೆ ಕೋಲನ್, ಕ್ಯೂ, ಜತೆಗೊಂದು ಆಶ್ಚರ್ಯಸೂಚಕ ಚಿಹ್ನೆ. ಆ ಚಿಹ್ನೆಯನ್ನು ಇಷ್ಟು ಮನಃಪೂರ್ವಕವಾಗಿ ಜನ ಬೇರೆಲ್ಲೂ ಬಳಸಿದ್ದನ್ನು ನಾನು ನೋಡಿಲ್ಲ.

ಇದರಿಂದ ಹೊರಬರುವುದು ಹೇಗೆ ಎಂದು 2012ರಲ್ಲಿ ಯಾರೋ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಕೇಳಿದ ಒಂದು ಪ್ರಶ್ನೆಯನ್ನು 2017ರ ಹೊತ್ತಿಗೆ ಹತ್ತು ಲಕ್ಷ ಸಲ ನೋಡಲಾಗಿತ್ತು. ಅಂದಿನಿಂದ ಇದೊಂದು ಜಗತ್ಪ್ರಸಿದ್ಧ ನಗೆಹನಿ. ಆದರೆ ನನಗೆ ಈ ನಗೆಹನಿಯ ಬಗ್ಗೆ ಸ್ವಲ್ಪ ತಕರಾರಿದೆ. ಹೊರಗೆ ಬರುವ ದಾರಿಯನ್ನು ಒಮ್ಮೆ ಯಾರಾದರೂ ಹೇಳಿಕೊಟ್ಟರೆ ಮುಗಿಯಿತು, ಸಾಯುವ ತನಕ ಮರೆಯುವುದಿಲ್ಲ. ತಾನು ಎಡಿಟರಿನ ಒಳಗಿದ್ದೇನೆ ಎಂಬುದೇ ಗೊತ್ತಿಲ್ಲದೆ ಕೂತವರ ಪಾಡು ನೋಡಬೇಕು.

ಅಂಥವರನ್ನು ನೋಡುವುದೇ ನನ್ನ ಉದ್ಯೋಗದ ಒಂದು ಭಾಗ. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಚೇರಿಯಲ್ಲಿ ಸರ್ವರ್‌ಗಳ ಯೋಗಕ್ಷೇಮ ವಿಚಾರಿಸುವ ಕೆಲಸ ನನ್ನದು. ಪ್ರತಿ ಮಳೆಗಾಲಕ್ಕೆ ಕಾಲೇಜುಗಳಿಂದ ಹೊಸಬರು ಬಂದಿಳಿಯುತ್ತಾರೆ. ಕೊರಳಲ್ಲಿ ಹೊಸ ಐಡಿ ಕಾರ್ಡು, ಬೆನ್ನ ಮೇಲೆ ಕಂಪನಿ ಕೊಟ್ಟ ಬ್ಯಾಗು. ಪೈಥಾನ್ ಬಲ್ಲರು, ಕ್ಲೌಡ್ ಬಲ್ಲರು, ಎಐ ಅಂತೂ ಅಂಗೈ ನೆಲ್ಲಿ. ಮೊದಲ ವಾರದಲ್ಲೇ ಒಬ್ಬೊಬ್ಬರಾಗಿ ನನ್ನ ಮೇಜಿನ ಪಕ್ಕ ಬಂದು ನಿಂತು ಒಂದೇ ವಾಕ್ಯ ಹೇಳುತ್ತಾರೆ: ‘ಸರ್, ಸಿಸ್ಟಮ್ ಹ್ಯಾಂಗ್ ಆಗಿದೆ.’

ಹ್ಯಾಂಗ್ ಆಗಿರುವುದಿಲ್ಲ. ಆಗಿರುವುದು ಇಷ್ಟು: ಬರೆದ ಕೋಡನ್ನು ಒಪ್ಪಿಸಲು ಅವರು ‘ಗಿಟ್ ಕಮಿಟ್’ ಎಂದು ಕೊಟ್ಟಿರುತ್ತಾರೆ. ಏನು ಬದಲಾಯಿಸಿದಿರಿ ಅಂತ ಒಂದು ಸಾಲು ಬರೆಯಿರಿ ಎನ್ನುವುದು ಗಿಟ್‌ನ ಅಪೇಕ್ಷೆ. ನ್ಯಾಯವಾದದ್ದೇ. ಆದರೆ ಬಾಯಿಬಿಟ್ಟು ಹಾಗಂತ ಕೇಳುವ ಬದಲು ಅದು ಹೇಳದೆ ಕೇಳದೆ ವಿಐ ಎಡಿಟರನ್ನು ತೆರೆದು ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಹೊಸಬರಿಗೆ ಕಾಣುವುದು ಒಂದಿಷ್ಟು ಖಾಲಿ ಜಾಗ, ಕೆಳಗೆ ಹ್ಯಾಶ್ ಗುರುತು ಹಚ್ಚಿಕೊಂಡ ಹಲವು ಸಾಲು. ಅವರು ಮುಗ್ಧವಾಗಿ ಟೈಪ್ ಮಾಡತೊಡಗುತ್ತಾರೆ.

ಒಂದು ಹುಡುಗಿ ಹೀಗೆ ‘ಲಾಗಿನ್ ಪೇಜ್ ಫಿಕ್ಸ್ಡ್’ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದಳು. ವಿಐಗೆ ಅದು ವಾಕ್ಯವಲ್ಲ, ಆಜ್ಞೆಗಳ ಸರಮಾಲೆ. ದೊಡ್ಡ ಎಲ್ ಅಂದರೆ ಪರದೆಯ ಕೊನೆಯ ಸಾಲಿಗೆ ಹೋಗು. ಸಣ್ಣ ಓ ಅಂದರೆ ಅದರ ಕೆಳಗೊಂದು ಹೊಸ ಸಾಲು ತೆರೆದು ಬರೆಯಲು ಬಿಡು. ಇಷ್ಟಾಗುವಾಗ ಲಾಗಿನ್ ಪದದ ಎರಡು ಅಕ್ಷರ ಖರ್ಚಾಗಿ ಹೋಗಿವೆ. ಉಳಿದ ಜಿ, ಐ, ಎನ್ ಮಾತ್ರ ಕಾಗದಕ್ಕೆ ಬಿದ್ದವು. ಪಕ್ಕದ ಸೀಟಿನವನು ಕೂತಲ್ಲಿಂದಲೇ ‘ಎಸ್ಕೇಪ್, ಕೋಲನ್, ಡಬ್ಲ್ಯೂ ಕ್ಯೂ’ ಎಂದು ಕೂಗಿದ, ಅವಳು ಒತ್ತಿದಳು, ಕಮಿಟ್ ಆಯಿತು. ಮಾರನೇ ದಿನ ಮ್ಯಾನೇಜರ್ ಕೋಡ್ ಪರಿಶೀಲನೆಗೆ ಕೂತಾಗ ಕಂಪನಿಯ ಶಾಶ್ವತ ದಾಖಲೆಯಲ್ಲಿ ಅವಳ ಹೆಸರಿನ ಮುಂದೆ ‘ಜಿನ್ ಪೇಜ್ ಫಿಕ್ಸ್ಡ್’ ಎಂದಿತ್ತು. ಅವರು ತುಂಬ ಹೊತ್ತು ಅದನ್ನೇ ನೋಡಿ, ‘ಯಾವ ಪ್ರಾಜೆಕ್ಟು ಇದು?’ ಎಂದು ಕೇಳಿದರು. ಇದಕ್ಕಿಂತ ಸಾಮಾನ್ಯವಾದದ್ದು ‘ಇನಿಶಿಯಲ್ ಕಮಿಟ್’. ಅದರ ಮೊದಲ ಐ ‘ಬರೆಯಲು ಬಿಡು’ ಎಂಬ ಆಜ್ಞೆಗೆ ಆಹುತಿಯಾಗುತ್ತದೆ. ಹೀಗಾಗಿ ‘ನಿಶಿಯಲ್ ಕಮಿಟ್’ ಎಂಬ ಶುಭನಾಮದಿಂದ ಆರಂಭವಾದ ಎಷ್ಟೋ ಪ್ರಾಜೆಕ್ಟುಗಳು ದೊಡ್ಡವಾಗಿ, ಕೈತುಂಬ ಸಂಪಾದಿಸುತ್ತಿವೆ.

ಸಿಕ್ಕಿಬಿದ್ದವರು ಪಾರಾಗಲು ಹಿಡಿಯುವ ದಾರಿಗಳು ಬಗೆಬಗೆ. ಕೆಲವರು ಕಂಟ್ರೋಲ್ ಎಸ್ ಒತ್ತುತ್ತಾರೆ. ಸೇವ್ ಮಾಡುವುದು ಲೋಕಾರೂಢಿಯಲ್ಲಿ ಹಾಗೆಯೇ ತಾನೆ. ಆದರೆ ಟರ್ಮಿನಲ್ಲಿನ ಪುರಾತನ ಭಾಷೆಯಲ್ಲಿ ಕಂಟ್ರೋಲ್ ಎಸ್ ಎಂದರೆ ‘ಸ್ವಲ್ಪ ನಿಲ್ಲು, ಇಷ್ಟು ಬೇಗ ಕಳಿಸಬೇಡ’ ಎಂದರ್ಥ. ಟರ್ಮಿನಲ್ ವಿಧೇಯವಾಗಿ ನಿಲ್ಲುತ್ತದೆ. ಈಗ ನಿಜಕ್ಕೂ ಹ್ಯಾಂಗ್ ಆದಂತೆಯೇ. ಕಂಟ್ರೋಲ್ ಕ್ಯೂ ಒತ್ತಿದರೆ ಮತ್ತೆ ಹರಿಯುತ್ತದೆ ಎಂಬುದನ್ನು ಮನುಷ್ಯಮಾತ್ರದವರು ಸ್ವಂತ ಬುದ್ಧಿಯಿಂದ ಕಂಡುಹಿಡಿಯುವುದು ಸಾಧ್ಯವಿಲ್ಲ. ಇನ್ನು ಕೆಲವರು ಕಂಟ್ರೋಲ್ ಝಡ್ ಒತ್ತುತ್ತಾರೆ. ಎಡಿಟರ್ ಥಟ್ಟನೆ ಮಾಯ! ಆಜ್ಞೆ ಕೇಳಿಸಿಕೊಳ್ಳುವ ಶೆಲ್ ಮರಳಿ ಬಂತು, ಬದುಕಿದೆ ಎಂದುಕೊಳ್ಳುತ್ತಾರೆ. ಎಡಿಟರ್ ಹೋಗಿರುವುದಿಲ್ಲ, ಹಿನ್ನೆಲೆಯಲ್ಲಿ ಉಸಿರು ಬಿಗಿಹಿಡಿದು ಕೂತಿರುತ್ತದೆ. ಈ ವಿದ್ಯೆಯನ್ನೇ ನೆಚ್ಚಿಕೊಂಡ ಒಬ್ಬ ಹುಡುಗ ಸಂಜೆ ಲಾಗೌಟ್ ಮಾಡಹೋದಾಗ ಶೆಲ್ ‘ನಿಲ್ಲಿಸಿದ ಕೆಲಸಗಳಿವೆ’ ಎಂದು ತಕರಾರು ತೆಗೆಯಿತು. ಪಟ್ಟಿ ತೆಗೆಸಿ ನೋಡಿದರೆ ಬೆಳಗ್ಗೆಯಿಂದ ತೆರೆದ ವಿಐಗಳೆಲ್ಲ ಅಲ್ಲಿ ಸಾಲಾಗಿ ಕೂತಿವೆ, ಒಂದೊಂದರ ಹೊಟ್ಟೆಯಲ್ಲೂ ಅದೇ ಫೈಲು.

ಕಿಟಕಿಯನ್ನೇ ಮುಚ್ಚಿಬಿಡುವವರ ಕಥೆ ಮಾರನೇ ದಿನಕ್ಕೆ ಮುಂದುವರಿಯುತ್ತದೆ. ಅದೇ ಫೈಲನ್ನು ಮತ್ತೆ ತೆರೆಯುತ್ತಲೇ ‘ಅಟೆನ್ಷನ್’ ಎಂದು ದಪ್ಪಕ್ಷರದಲ್ಲಿ ಕೂಗುತ್ತ ಒಂದು ಪುಟದಷ್ಟು ಉಪದೇಶ ಬರುತ್ತದೆ: ಇದೇ ಫೈಲಿಗೆ ಸಂಬಂಧಪಟ್ಟ ಒಂದು ಸ್ವಾಪ್ ಫೈಲು ಸಿಕ್ಕಿದೆ, ಒಂದೋ ಇನ್ನೊಬ್ಬರು ಈಗ ಇದನ್ನು ತಿದ್ದುತ್ತಿದ್ದಾರೆ, ಇಲ್ಲವೋ ಹಿಂದಿನ ಸಲ ಎಡಿಟರ್ ಅಪಮೃತ್ಯುವಿಗೀಡಾಗಿದೆ. ಓದಲಷ್ಟೇ ತೆರೆಯಲೋ, ಆದದ್ದಾಗಲಿ ಎಂದು ತಿದ್ದಲೋ, ಉಳಿದದ್ದನ್ನು ಚೇತರಿಸಲೋ, ಬಿಟ್ಟುಹೋಗಲೋ? ಪಾಪ, ಹುಡುಗರು ಆ ಕ್ಷಣದಲ್ಲಿ ಪೊಲೀಸ್ ಠಾಣೆಗೆ ಬಂದವರ ಹಾಗೆ ನಿಂತಿರುತ್ತಾರೆ.

ಇಷ್ಟೆಲ್ಲ ವಕ್ರತನ ಯಾಕೆ ಎಂದು ಅವರು ಕೇಳುತ್ತಾರೆ. ಯಾರ ಮೇಲೋ ಸೇಡು ತೀರಿಸಿಕೊಳ್ಳಲು ಬರೆದ ಪ್ರೋಗ್ರಾಮ್ ಇದು ಎಂಬುದು ಅವರ ಗುಮಾನಿ. ಹಾಗೇನಿಲ್ಲ. ಇದರ ಒಂದೊಂದು ವಕ್ರತನದ ಹಿಂದೆಯೂ ಯಾರದೋ ಒಂದು ಸರಳವಾದ ತೊಂದರೆಯಿದೆ. ಆ ತೊಂದರೆ ತೀರಿ ಅರ್ಧ ಶತಮಾನವಾದರೂ ಪರಿಹಾರ ಮಾತ್ರ ಮುಂದುವರಿದಿದೆ. ನಮ್ಮ ಸರ್ಕಾರಿ ಅರ್ಜಿ ನಮೂನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲಿಗೆ ‘ಎಡ್’ ಎಂಬ ಎಡಿಟರ್ ಇತ್ತು. 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಹುಟ್ಟುವ ಹೊತ್ತಿಗೆ ಕೆನ್ ಥಾಂಪ್ಸನ್ ಬರೆದದ್ದು. ಆಗ ಪರದೆಯ ಬಳಕೆ ಅಪರೂಪ. ಟೆಲಿಟೈಪ್ ಎಂಬ ಯಂತ್ರದ ಮುಂದೆ ಕೂತು ಕೀಲಿ ಒತ್ತಿದರೆ ಕಾಗದದ ಸುರುಳಿಯ ಮೇಲೆ ಸೆಕೆಂಡಿಗೆ ಹತ್ತು ಅಕ್ಷರದಂತೆ ಟಕಟಕ ಮುದ್ರಣವಾಗುತ್ತಿತ್ತು. ಅಲ್ಲಿ ‘ಕ್ಷಮಿಸಿ, ನೀವು ಕೊಟ್ಟ ಆಜ್ಞೆ ಅರ್ಥವಾಗಲಿಲ್ಲ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ’ ಎಂದು ಸೌಜನ್ಯ ತೋರಿಸಹೊರಟರೆ ಐದಾರು ಸೆಕೆಂಡು ಹಾಳು, ಕಾಗದವೂ ದಂಡ. ಆದ್ದರಿಂದ ಏನೇ ತಪ್ಪಾದರೂ ಎಡ್ ಕೊಡುವ ಉತ್ತರ ಒಂದೇ: ಒಂದು ಪ್ರಶ್ನಾರ್ಥಕ ಚಿಹ್ನೆ. ಆಜ್ಞೆ ತಪ್ಪಿದರೂ ಅದೇ, ಫೈಲು ಸಿಗದಿದ್ದರೂ ಅದೇ. ಉಳಿಸದೆ ಹೊರಟರೂ ಒಮ್ಮೆ ಅದನ್ನೇ ತೋರಿಸುತ್ತದೆ. ಹಟ ಹಿಡಿದು ಇನ್ನೊಮ್ಮೆ ಕ್ಯೂ ಒತ್ತಿದರೆ ಹೋಗಲು ಬಿಡುತ್ತದೆ. ಈಗಲೂ ಬಹಳಷ್ಟು ಯುನಿಕ್ಸ್ ಯಂತ್ರಗಳಲ್ಲಿ ಎಡ್ ಸಿಗುತ್ತದೆ, ಮತ್ತು ಸ್ವಭಾವವೇನೂ ಬದಲಾಗಿಲ್ಲ. ಮಿತಭಾಷಿಗಳು ವಿರಳವಾದ ಈ ಕಾಲದಲ್ಲಿ ನನಗೆ ಅದರ ಮೇಲೆ ಗೌರವವಿದೆ, ಬಳಸುವ ಧೈರ್ಯ ಇಲ್ಲ.

ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕುಲೂರಿಸ್ ಎಂಬವರಿಗೆ ಇದು ನರಮನುಷ್ಯರಿಗೆ ಹೇಳಿದ್ದಲ್ಲ ಅನ್ನಿಸಿತು. ಅವರು ಎಡ್ ಅನ್ನು ತಿದ್ದಿ, ‘ಮರ್ತ್ಯರ ಎಡಿಟರ್’ ಎಂಬ ಅರ್ಥದಲ್ಲಿ ‘ಎಮ್’ ಎಂದು ಹೆಸರಿಟ್ಟರು. ತಿದ್ದುತ್ತಿರುವ ಸಾಲು ಅದರಲ್ಲಿ ಪರದೆಯ ಮೇಲೆ ಕಣ್ಣಿಗೆ ಕಾಣುತ್ತಿತ್ತು. ಅಲ್ಲಿಗೆ ಭೇಟಿ ಕೊಟ್ಟ ಥಾಂಪ್ಸನ್‌ಗೆ ಇದನ್ನು ತೋರಿಸಿದಾಗ, ಫೈಲು ತಿದ್ದುವಾಗ ಅದು ಕಣ್ಣಿಗೆ ಕಾಣಬೇಕಾದ ಅಗತ್ಯ ತನಗೆ ಕಂಡಿಲ್ಲ ಎಂಬರ್ಥದ ಮಾತು ಹೇಳಿದರಂತೆ. ಇದು ಕುಲೂರಿಸ್ ನೆನಪು. ಮರ್ತ್ಯರಲ್ಲದವರೂ ಇದ್ದರು ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

1976ರಲ್ಲಿ ಕುಲೂರಿಸ್ ಇದನ್ನು ಹೊತ್ತು ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋದರು. ಅಲ್ಲಿದ್ದ ವಿದ್ಯಾರ್ಥಿ ಬಿಲ್ ಜಾಯ್ ಕಣ್ಣಿಗೆ ಅದು ಬಿತ್ತು. ಅವನೂ ಗೆಳೆಯ ಚಕ್ ಹೇಲಿಯೂ ಸೇರಿ ಅದನ್ನು ತಿಕ್ಕಿ ತೀಡಿ ‘ಎಕ್ಸ್’ ಮಾಡಿದರು. ಇಡೀ ಪರದೆಯಲ್ಲಿ ಬರೆಹವನ್ನು ತೋರಿಸುವ ಅದರ ರೂಪವೇ ವಿಐ. ಮುಂದೆ 1982ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಟ್ಟಿದವರಲ್ಲಿ ಒಬ್ಬನಾದ ಈ ಬಿಲ್ ಜಾಯ್ ಆಗ ಮನೆಯಿಂದ ಕೆಲಸ ಮಾಡುತ್ತಿದ್ದುದು 300 ಬಾಡ್‌ನ ಮೋಡೆಮ್ ಮೂಲಕ. ಅಂದರೆ ಸೆಕೆಂಡಿಗೆ ಮೂವತ್ತು ಅಕ್ಷರ. ಅಡ್ಡಕ್ಕೆ 80, ಉದ್ದಕ್ಕೆ 24 ಸಾಲಿನ ಪರದೆಯನ್ನು ಪೂರ್ತಿ ತುಂಬಬೇಕಾದರೆ ಒಂದು ನಿಮಿಷ ದಾಟುತ್ತದೆ. ಒಂದು ಪುಟ ಕೆಳಗೆ ಹೋಗು ಎಂದು ಹೇಳಿ ಕಾಫಿಗೆ ಹಾಲು ಬಿಸಿ ಮಾಡಿಕೊಂಡು ಬರಬಹುದಿತ್ತು. ಅಂಥಾ ಸಂದರ್ಭದಲ್ಲಿ ಒಂದೇ ಅಕ್ಷರ ಒತ್ತಿ ಒಂದು ಪದ ಹಾರುವಂತಿದ್ದರೆ, ಎರಡು ಅಕ್ಷರ ಒತ್ತಿ ಒಂದು ಸಾಲು ಅಳಿಸುವಂತಿದ್ದರೆ ಅದೇ ಸ್ವರ್ಗ. ಮೆನು ಬಿಡಿಸುವ ಹುಚ್ಚು ಯಾರಿಗೆ ಬರುತ್ತದೆ? ಮುಂದೆ ಅವನೇ ಒಂದು ಸಂದರ್ಶನದಲ್ಲಿ, ವಿಐಯನ್ನು ಬರೆದ ಆ ಲೋಕ ಈಗ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡ. ಲೋಕ ಹೋಯಿತು, ವಿಐ ಉಳಿಯಿತು.

ಅವನ ಮುಂದಿದ್ದ ಯಂತ್ರದ ಹೆಸರು ಎಡಿಎಮ್-3ಎ. ಲಿಯರ್ ಸೀಗ್ಲರ್ ಎಂಬ ಕಂಪನಿಯದು. ಅದರ ಕೀಲಿಮಣೆಯ ಚಿತ್ರ ನೋಡಿದರೆ ವಿಐಯ ಜಾತಕವೇ ಸಿಕ್ಕಂತೆ. ಬಾಣದ ಗುರುತುಗಳಿಗೆ ಬೇರೆ ಕೀಲಿಗಳೇ ಇಲ್ಲ. ಅವನ್ನು ಎಚ್, ಜೆ, ಕೆ, ಎಲ್ ಅಕ್ಷರಗಳ ಮೇಲೆ ಅಚ್ಚೊತ್ತಿದ್ದಾರೆ. ವಿಐಯಲ್ಲಿ ಇವತ್ತಿಗೂ ಎಡ, ಕೆಳಗೆ, ಮೇಲೆ, ಬಲ ಎಂದರೆ ಅವೇ ನಾಲ್ಕು ಅಕ್ಷರ. ಈಗ ಟ್ಯಾಬ್ ಇರುವ ಜಾಗದಲ್ಲಿ, ಕ್ಯೂ ಪಕ್ಕದಲ್ಲಿ, ಕಿರುಬೆರಳಿಗೆ ಎಟುಕುವಂತೆ ಎಸ್ಕೇಪ್ ಇದೆ. ಆಮೇಲಿನ ಕೀಲಿಮಣೆಗಳು ಎಸ್ಕೇಪನ್ನು ಒಯ್ದು ಮೇಲಿನ ಮೂಲೆಗೆ ತಳ್ಳಿದವು. ಮಾತೆತ್ತಿದರೆ ಎಸ್ಕೇಪ್ ಒತ್ತಬೇಕಾದ ನಮ್ಮ ಕುಲದವರ ಎಡಗೈ ಅಂದಿನಿಂದ ಊರುಕೇರಿ ಸುತ್ತುತ್ತಿದೆ. 2016ರಲ್ಲಿ ಆ್ಯಪಲ್‌ನವರು ಹೊಸ ಮ್ಯಾಕ್‌ಬುಕ್ ಪ್ರೋದಲ್ಲಿ ಎಸ್ಕೇಪ್ ಕೀಲಿಯನ್ನೇ ಕಿತ್ತುಹಾಕಿ, ಅದರ ಜಾಗದಲ್ಲಿ ಗಾಜಿನ ಪಟ್ಟಿಯ ಮೇಲೆ ಎಸ್ಕೇಪಿನ ಚಿತ್ರ ತೋರಿಸಿದಾಗ ಎದ್ದ ಗೋಳು ಅಷ್ಟಿಷ್ಟಲ್ಲ. ಮೂರು ವರ್ಷಕ್ಕೆ ಕೀಲಿ ವಾಪಸ್ ಬಂತು. ಪ್ರಜೆಗಳ ಕೂಗಿಗೆ ಅರಸರು ಓಗೊಟ್ಟ ಉದಾಹರಣೆಗಳು ಕಂಪ್ಯೂಟರ್ ಲೋಕದಲ್ಲಿ ಕಮ್ಮಿ; ಇದೊಂದನ್ನು ಬರೆದಿಟ್ಟುಕೊಳ್ಳಬಹುದು.

ಈಗ ನಾವು ವಿಐ ಎಂದು ಕೊಟ್ಟರೆ ಸಾಮಾನ್ಯವಾಗಿ ತೆರೆಯುವುದು ವಿಮ್. ಹಾಲೆಂಡಿನ ಬ್ರಾಮ್ ಮೂಲೆನಾರ್ ತನ್ನ ಅಮಿಗಾ ಕಂಪ್ಯೂಟರಿಗೆಂದು ಬರೆದು 1991ರಲ್ಲಿ ಹೊರಬಿಟ್ಟದ್ದು. ಫೈಲಿನ ಹೆಸರು ಕೊಡದೆ ವಿಮ್ ತೆರೆದರೆ ನಡುಪರದೆಯಲ್ಲಿ ನಾಲ್ಕಾರು ಸಾಲು ಕಾಣುತ್ತವೆ. ಅವುಗಳಲ್ಲಿ ಉಗಾಂಡದ ಬಡಮಕ್ಕಳಿಗೆ ನೆರವಾಗಿ ಎಂಬ ಮನವಿಯೂ ಇರುತ್ತದೆ. ಹೊರಹೋಗಲು ಒದ್ದಾಡುತ್ತಿರುವವರ ಹತ್ತಿರ ಇಂಥಾ ಮನವಿ ಮಾಡುವುದು ಒಳ್ಳೆಯ ಉಪಾಯ. ಆದರೆ ಇದು ತಮಾಷೆಯಲ್ಲ. ಬ್ರಾಮ್ ಉಗಾಂಡದ ಕಿಬಾಲೆಯಲ್ಲಿ ಸ್ವಯಂಸೇವಕರಾಗಿ ದುಡಿದು ಬಂದವರು. ಪ್ರೋಗ್ರಾಮಿಗೆ ದುಡ್ಡು ಬೇಡ, ಕೊಡಬೇಕೆನ್ನಿಸಿದರೆ ಆ ಮಕ್ಕಳಿಗೆ ಕೊಡಿ ಎಂದರು. 2023ರ ಆಗಸ್ಟಿನಲ್ಲಿ ತೀರಿಕೊಳ್ಳುವ ತನಕ ವಿಮ್ ಅನ್ನು ಮಗುವಿನಂತೆ ಸಾಕಿದರು. ಅವರಿಗೆ ಹಾಸ್ಯಪ್ರಜ್ಞೆಯೂ ಇತ್ತು. ವಿಮ್ ಒಳಗೆ ‘ಹೆಲ್ಪ್’ ಎಂದು ಬರೆದು ಆಶ್ಚರ್ಯಸೂಚಕ ಹಾಕಿ ಕಿರುಚಿಕೊಂಡರೆ, ಗಂಭೀರವಾದ ದೋಷಸಂಖ್ಯೆಯೊಂದಿಗೆ ‘ಗಾಬರಿ ಬೀಳಬೇಡಿ’ ಎಂಬ ಉತ್ತರ ಬರುತ್ತದೆ. ಅದು ಬಿಟ್ಟರೆ ಬೇರೇನೂ ಸಹಾಯ ಬರುವುದಿಲ್ಲ.

ಗಿಟ್ ಒಂದೇ ಅಲ್ಲ, ಹೀಗೆ ಕರೆಯದ ಎಡಿಟರನ್ನು ಕರೆತರುವವರು ಇನ್ನೂ ಇದ್ದಾರೆ. ಇಂತಿಷ್ಟು ಗಂಟೆಗೆ ಇಂಥಾ ಕೆಲಸ ಆಗಬೇಕು ಎಂದು ಯಂತ್ರಕ್ಕೆ ಹೇಳಿಡುವ ಪಟ್ಟಿಗೆ ಕ್ರಾನ್‌ಟ್ಯಾಬ್ ಎನ್ನುತ್ತೇವೆ. ಅದನ್ನು ಎಡಿಟರಿನಲ್ಲಿ ತೆರೆಯಲು ಹೈಫನ್ ಹಾಕಿ ಇ ಕೊಡಬೇಕು. ಇಡೀ ಪಟ್ಟಿಯನ್ನು ಅಳಿಸಲು ಹೈಫನ್ ಹಾಕಿ ಆರ್. ಇ ಮತ್ತು ಆರ್ ಕೀಲಿಮಣೆಯಲ್ಲಿ ಅಕ್ಕಪಕ್ಕದ ಮನೆಯವು. ಬೆರಳು ಒಂದು ಬೆರಳಿನಷ್ಟು ಸರಿದರೆ ಎಡಿಟರ್ ತೆರೆಯುವುದಿಲ್ಲ; ನಿಜವಾಗಲೂ ಅಳಿಸಲಾ ಎಂಬ ಪ್ರಶ್ನೆಯೂ ಇಲ್ಲದೆ ವರ್ಷಗಟ್ಟಲೆ ಕೂಡಿಟ್ಟ ಪಟ್ಟಿ ಹೋಗಿರುತ್ತದೆ. ಪರದೆ ಮಾತ್ರ ಎಂದಿನಂತೆ ನಿರ್ಮಲ. ಇಂಥಾ ವಿನ್ಯಾಸ ಮಾಡಿದವರು ಟೈಪಿಂಗ್ ಕ್ಲಾಸಿಗೆ ಹೋದವರಲ್ಲ ಎಂದು ನನ್ನ ಅಂದಾಜು.

ಇದಕ್ಕೆ ಹೋಲಿಸಿದರೆ ವಿಸೂಡೂ ಸಜ್ಜನ. ಯಂತ್ರದಲ್ಲಿ ಯಾರಿಗೆ ಯಾವ ಅಧಿಕಾರ ಎಂದು ಬರೆದಿಡುವ ಫೈಲನ್ನು ತೆರೆದುಕೊಡುವುದು ಅದರ ಕೆಲಸ. ಉಳಿಸುವ ಮುಂಚೆ ವ್ಯಾಕರಣ ಪರೀಕ್ಷಿಸುತ್ತದೆ, ತಪ್ಪಿದ್ದರೆ ತಡೆದು ‘ವಾಟ್ ನೌ?’ ಎಂದು ಕೇಳುತ್ತದೆ. ರಾತ್ರಿ ಒಂದು ಗಂಟೆಯಲ್ಲಿ, ಸರ್ವರ್ ಬಿದ್ದಿರುವಾಗ, ಮುಂದೇನು ಎಂದು ಯಂತ್ರ ನನ್ನನ್ನೇ ಕೇಳುವ ಆ ಗಳಿಗೆಯಲ್ಲಿ ಮನಸ್ಸಿಗೆ ಬರುವ ಉತ್ತರಗಳು ಅದು ಕೊಡುವ ಆಯ್ಕೆಗಳ ಪಟ್ಟಿಯಲ್ಲಿ ಇರುವುದಿಲ್ಲ.

ಇವರೆಲ್ಲ ಯಾವ ಎಡಿಟರನ್ನು ಕರೆಯಬೇಕು ಎಂದು ಮೊದಲೇ ಹೇಳಿಡಬಹುದು. ಶೆಲ್‌ನಲ್ಲಿ ‘ಎಡಿಟರ್’ ಎಂಬ ಹೆಸರಿನ ಒಂದು ಚೀಟಿಯೂ ‘ವಿಷುವಲ್’ ಎಂಬ ಇನ್ನೊಂದು ಚೀಟಿಯೂ ಇರುತ್ತವೆ. ಮೊದಲನೆಯದು ಕಾಗದದ ಮೇಲೆ ಅಚ್ಚಾಗುವ ಟೆಲಿಟೈಪಿನವರಿಗೆ, ಎರಡನೆಯದು ಪರದೆ ಇರುವ ಭಾಗ್ಯವಂತರಿಗೆ. ಟೆಲಿಟೈಪುಗಳು ವಸ್ತುಸಂಗ್ರಹಾಲಯ ಸೇರಿದರೂ ಅವುಗಳಿಗೆ ಮೀಸಲಿಟ್ಟ ಚೀಟಿ ಹಾಗೇ ಇದೆ. ಆ ಚೀಟಿಯಲ್ಲಿ ‘ನ್ಯಾನೊ’ ಎಂದು ಬರೆದುಬಿಟ್ಟರೆ ಹೊಸಬರ ಕಷ್ಟ ಬಗೆಹರಿಯುತ್ತದೆ. ನ್ಯಾನೊ 1999ರಲ್ಲಿ ಹುಟ್ಟಿದ ಸಾಧುಪ್ರಾಣಿ. ಒತ್ತಿದ ಅಕ್ಷರ ಒತ್ತಿದ ಹಾಗೇ ಬೀಳುತ್ತದೆ, ಏನೇನು ಮಾಡಬಹುದು ಎಂಬುದನ್ನು ಪರದೆಯ ಕೆಳಗೇ ಬರೆದು ಹಾಕಿರುತ್ತದೆ. ಆ ಬರಹದಲ್ಲಿ ಅಕ್ಷರದ ಹಿಂದೆ ಕಾಣುವ ಟೋಪಿಯಂಥ ಗುರುತು ಕಂಟ್ರೋಲ್ ಕೀಲಿಗೆ ಎಂದು ಗೊತ್ತಾಗದೆ ಟೋಪಿಯನ್ನೇ ಟೈಪ್ ಮಾಡಿ, ಎಕ್ಸ್ ಒತ್ತಿ, ಫೈಲಿನ ತುಂಬ ಟೋಪಿ ಹಾಕಿಟ್ಟವರು ಇದ್ದಾರೆ; ಆ ಮಾತು ಬೇರೆ. ಎಲ್ಲ ಹೊಸಬರಿಗೂ ನಾನು ನ್ಯಾನೊ ಹಾಕಿಕೊಡುತ್ತೇನೆ. ನನ್ನ ಯಂತ್ರದಲ್ಲಿ ಹಾಕಿಕೊಂಡಿಲ್ಲ. ಈ ವೃತ್ತಿಯಲ್ಲಿ ಅದಕ್ಕೂ ಮರ್ಯಾದೆಯ ಪ್ರಶ್ನೆ ಅಂತ ಒಂದಿದೆ.

ಈ ಎಲ್ಲ ಪಾಂಡಿತ್ಯವೂ ನೆಲಕಚ್ಚಿದ್ದು ಹಾಸನದಲ್ಲಿರುವ ನನ್ನ ಸೋದರಮಾವನಿಂದ. ಮಾವ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರ ಹಳೇ ಲ್ಯಾಪ್‌ಟಾಪಿಗೆ ಹೊಸ ವಿಂಡೋಸ್ ಎಳೆಯುವ ತ್ರಾಣ ಇರಲಿಲ್ಲ. ನಾನೇ ಉಬಂಟು ಹಾಕಿ, ಅವರಿಗೆ ರೂಢಿಯಿದ್ದ ಕಗಪ ಕೀಲಿಮಣೆಯನ್ನೂ ಕೂರಿಸಿ, ಬರೆಯಲು ಲಿಬ್ರೆ ಆಫೀಸ್ ತೋರಿಸಿಕೊಟ್ಟು ಬಂದಿದ್ದೆ. ಎಲ್ಲ ಸುಸೂತ್ರವಾಗಿತ್ತು. ಅಷ್ಟರಲ್ಲಿ ಬೆಳಗಿನ ವಾಕಿಂಗ್ ಗೆಳೆಯರೊಬ್ಬರು, ‘ಉಬಂಟು ಇಟ್ಕೊಂಡು ಮೌಸ್ ಹಿಡೀತೀರಾ ಮೇಷ್ಟ್ರೇ? ನನ್ನ ಮಗ ಎಲ್ಲಾ ಟರ್ಮಿನಲ್‌ನಲ್ಲೇ ಮಾಡ್ತಾನೆ. ವಿಐ ಅಂತ ಹೊಡೆದು ಫೈಲಿನ ಹೆಸರು ಹಾಕಿ, ಐ ಒತ್ತಿ, ಬರೀತಾ ಹೋಗಿ’ ಎಂದು ಚುಚ್ಚಿದರು. ಮಗ ಅಲ್ಲಿಂದ ಹೊರಗೆ ಹೇಗೆ ಬರುತ್ತಾನೆ ಎಂಬುದು ಅವರಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನ ನಾನು ಮೀಟಿಂಗಿನಲ್ಲಿದ್ದಾಗ ಮಾವನ ಫೋನು ಬಂತು.

‘ಲೋ, ನನ್ನ ಸ್ವಾತಂತ್ರ್ಯದ ಕೈಕಾಲೆಲ್ಲಾ ಬೇರೆ ಬೇರೆ ಆಗ್ಬಿಟ್ಟಿದೆ ಕಣೋ!’

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮಾವ ಬರೆಯಲು ಕೂತದ್ದು ಹಾಸನದ ಸ್ವಾತಂತ್ರ್ಯ ಹೋರಾಟಗಾರರ ಬಗ್ಗೆ. ಟರ್ಮಿನಲ್ ಎಂದರೆ ಸಮಾನ ಚೌಕಗಳ ಹಲಗೆ. ಐಬಿಎಮ್‌ನವರು 1928ರಲ್ಲಿ ಪಂಚ್ ಕಾರ್ಡಿಗೆ ಹಾಕಿದ ಎಂಬತ್ತು ಕಾಲಮ್ಮಿನ ಅಳತೆ ಅದಕ್ಕೆ ಇನ್ನೂ ಅಂಟಿಕೊಂಡಿದೆ. ಒಂದು ಚೌಕಕ್ಕೆ ಒಂದು ಅಕ್ಷರ, ಅಲ್ಲಿಗೆ ಮುಗಿಯಿತು. ನಮ್ಮ ಅಕ್ಷರಗಳೋ ಕೆಳಗೆ ಒತ್ತು ಇಳಿಬಿಟ್ಟುಕೊಂಡು, ಪಕ್ಕಕ್ಕೆ ಕೊಂಬು ಚಾಚಿಕೊಂಡು ಸಂಸಾರಸಮೇತ ಬರುವಂಥವು. ತಕಾರದ ಕೆಳಗೆ ರಕಾರ, ಅದರ ಪಕ್ಕ ಯಕಾರ ಎಂದರೆ ಟರ್ಮಿನಲ್ ಕಂಗಾಲಾಗಿ ಒಬ್ಬೊಬ್ಬರನ್ನು ಒಂದೊಂದು ಚೌಕದಲ್ಲಿ ಕೂರಿಸುತ್ತದೆ.

‘ಮಾವ, ಅದನ್ನ ಬಿಡಿ. ಉಳಿಸಿ ಹೊರಗೆ ಬನ್ನಿ. ಆಫೀಸ್‌ನಲ್ಲಿ ತೆರೆದ್ರೆ ಸರಿಯಾಗೇ ಕಾಣುತ್ತೆ.’

‘ಹೊರಗೆ ಬರೋಕೇ ತಾನೇ ಫೋನ್ ಮಾಡಿದ್ದು? ಬಾಣದ ಕೀಲಿ ಒತ್ತಿದ್ರೆ ಎ ಬಿ ಸಿ ಡಿ ಅಂತ ಬರ್ಕೊಂಡು ಹೋಗುತ್ತಲ್ಲೋ. ನನಗೆ ಈ ವಯಸ್ಸಲ್ಲಿ ಅಕ್ಷರಾಭ್ಯಾಸ ಮಾಡಿಸ್ತಿದೆ.’

ಅದೂ ನಿಜ. ಉಬಂಟುವಿನಲ್ಲಿ ಜತೆಗೇ ಬರುವ ಪುಟಾಣಿ ವಿಐಯಲ್ಲಿ ಬರೆಯುವಾಗ ಮೇಲಿನ ಬಾಣಕ್ಕೆ ಎ, ಕೆಳಗಿನದಕ್ಕೆ ಬಿ, ಬಲಕ್ಕೆ ಸಿ, ಎಡಕ್ಕೆ ಡಿ ಬೀಳುತ್ತದೆ, ಅದೂ ಒಂದೊಂದಕ್ಕೂ ಹೊಸ ಸಾಲಿನಲ್ಲಿ.

‘ಎಸ್ಕೇಪ್ ಒತ್ತಿ ಮಾವ. ಆಮೇಲೆ ಕೋಲನ್.’

‘ವಿವರಣಾತ್ಮಕ ಚಿಹ್ನೆ ಅನ್ನು.’

‘ಅದೇ. ಆಮೇಲೆ ಡಬ್ಲ್ಯೂ, ಆಮೇಲೆ ಕ್ಯೂ, ಎಂಟರ್.’

ಕೀಲಿಗಳ ಸದ್ದು ಕೇಳಿಸಿತು. ಆಮೇಲೆ ಮೌನ. ಆಮೇಲೆ ಮಾವನ ದನಿ ಗಡುಸಾಯಿತು.

‘ಏನಂತೆ ಇದು? ನಾನು ಎಡಿಟರ್ ಅಲ್ವಂತೆ!’

‘ಏನು ಬಂದಿದೆ ಓದಿ ಮಾವ.’

‘ನಾಟ್ ಆ್ಯನ್ ಎಡಿಟರ್ ಅಂತ ಇಷ್ಟುದ್ದ ಬರೆದಿದೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ನಿವೃತ್ತಿ ಆಗೋವರೆಗೂ ನಾನೇ ಸಂಪಾದಕ ಅಂತ ಇದಕ್ಕೇನು ಗೊತ್ತು?’

‘ಪೂರ್ತಿ ಓದಿ.’

‘ನಾಟ್ ಆ್ಯನ್ ಎಡಿಟರ್ ಕಮಾಂಡ್, ಕೋಲನ್, ಡಟ.’

‘ಏನು?’

‘ಡಟ ಕಣೋ. ಡಕಾರ, ಟಕಾರ. ಡಟ.’

ಮೀಟಿಂಗಿನ ಉಳಿದವರು ನನ್ನ ಕಡೆ ನೋಡುತ್ತಿದ್ದರು. ಮಾವನ ಕಗಪಕ್ಕೆ ಮೂಲವಾದ ವಿನ್ಯಾಸದ ಮಹಿಮೆ ಇದು: ಕೆ. ಪಿ. ರಾವ್ ಅವರು ಕನ್ನಡವನ್ನು ಇಂಗ್ಲಿಷ್ ಕೀಲಿಮಣೆಗೆ ಹೊಂದಿಸಿ ಕೂರಿಸಿದಾಗ ತಕಾರಕ್ಕೆ ಟಿ, ದಕಾರಕ್ಕೆ ಡಿ ಎಂದು ಸದ್ದಿಗೆ ಸದ್ದು ಕೂಡಿಸಿಕೊಟ್ಟರು. ಹಾಗಾ‌ಗಿ ಮೂರ್ಧನ್ಯಗಳು ಜಾಗ ಹುಡುಕಿಕೊಂಡು ಮೇಲಿನ ಸಾಲಿನ ಎಡತುದಿಗೆ ಹೋದವು: ಕ್ಯೂ ಮೇಲೆ ಟ, ಡಬ್ಲ್ಯೂ ಮೇಲೆ ಡ. ಚೊಕ್ಕವಾದ ಏರ್ಪಾಡು, ಅದರಲ್ಲಿ ಎರಡು ಮಾತಿಲ್ಲ. ಬಿಲ್ ಜಾಯ್ ಮಾತ್ರ ಇದನ್ನು ಊಹಿಸಿರಲಿಲ್ಲ. ಮಾವನ ಕೀಲಿಮಣೆ ಕನ್ನಡದಲ್ಲೇ ಇತ್ತು, ವಿಐಗೆ ಕನ್ನಡದಲ್ಲಿ ಬರೆಸಿಕೊಳ್ಳಲು ಬರುತ್ತದೆಯೇ ಹೊರತು ಕನ್ನಡದಲ್ಲಿ ಹೇಳಿಸಿಕೊಳ್ಳಲು ಬರುವುದಿಲ್ಲ.

‘ಮಾವ, ವಿಂಡೋಸ್ ಕೀಲಿ ಜತೆ ಸ್ಪೇಸ್ ಒತ್ತಿ. ಇಂಗ್ಲಿಷ್ ಮಾಡ್ಕೊಳ್ಳಿ. ಈಗ ಮತ್ತೆ ಹೊಡೀರಿ.’

‘ಅಂದ್ರೆ ಒಳಗೆ ಕನ್ನಡ ಬರೀಬಹುದು, ಹೊರಗೆ ಹೋಗೋಕೆ ಇಂಗ್ಲಿಷ್ ಬೇಕು.’

‘ಹೌದು ಮಾವ.’

‘ಎಲ್ಲೋ ಕೇಳಿದ ಹಾಗಿದೆ’ ಎಂದು ಮಾವ ಎಂಟರ್ ಒತ್ತಿದರು. ಫೈಲು ಉಳಿಯಿತು. ಆಫೀಸ್‌ನಲ್ಲಿ ತೆರೆದಾಗ ಸ್ವಾತಂತ್ರ್ಯದ ಕೈಕಾಲು ಕೂಡಿಕೊಂಡಿದ್ದವು. ನಡುನಡುವೆ ಎಬಿಸಿಡಿ ಮಾತ್ರ ಹಾಗೇ ಇತ್ತು.

ಅಲ್ಲಿಗೆ ಟರ್ಮಿನಲ್ಲಿನ ಸಹವಾಸ ಬಿಡುತ್ತಾರೆ ಎಂದುಕೊಂಡೆ. ಆದರೆ ಮಾವನಿಗೆ ಹುರುಪು ಬಂದಿತ್ತು. ಬೇರೆ ಎಡಿಟರ್ ಯಾವುದಿದೆ ತೋರಿಸು ಎಂದು ಮುಂದಿನ ಸಲ ಹೋದಾಗ ದುಂಬಾಲು ಬಿದ್ದರು. ನಾನು ಈಮ್ಯಾಕ್ಸ್ ಹಾಕಿಕೊಟ್ಟೆ. 1976ರಲ್ಲಿ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತು ಗೆಳೆಯರು ಆರಂಭಿಸಿದ ಈ ಎಡಿಟರಿನಲ್ಲಿ ಬರೆಯುವುದೂ ಒಂದು ಸೌಲಭ್ಯ. ಮೇಲ್ ಓದಬಹುದು, ಟೆಟ್ರಿಸ್ ಆಡಬಹುದು. ಮನಸ್ಸಿಗೆ ಬೇಸರವಾದರೆ ‘ಡಾಕ್ಟರ್’ ಎಂದು ಕರೆದು ಕಷ್ಟಸುಖ ಹೇಳಿಕೊಳ್ಳಬಹುದು. ಜೋಸೆಫ್ ವೈಜನ್‌ಬಾಮ್ 1966ರಲ್ಲಿ ಲೋಕಕ್ಕೆ ಪರಿಚಯಿಸಿದ ಎಲೈಜಾ ಎಂಬ ಮಾತಿನ ಯಂತ್ರದ ಸಂತತಿ ಅದು. ನಾವು ಹೇಳಿದ್ದನ್ನೇ ತಿರುಗಿಸಿ ಪ್ರಶ್ನೆ ಕೇಳುವುದು ಅದರ ಚಿಕಿತ್ಸಾಕ್ರಮ. ಇದನ್ನು ಸುಮ್ಮನೆ ಹಾಗೇ ತೋರಿಸಿ ಬಂದೆ.

ಈಗ ಮಾವ ನನಗೆ ಫೋನ್ ಮಾಡುವುದೇ ಅಪರೂಪ. ಹೋದ ವಾರ ಅತ್ತೆಯೇ ಮಾಡಿದ್ದರು. ‘ನಿಮ್ಮ ಮಾವ ಊಟಕ್ಕೂ ಏಳ್ತಿಲ್ಲ ಕಣಪ್ಪ. ಅದ್ಯಾರೋ ಡಾಕ್ಟರಂತೆ, ಇಂಗ್ಲಿಷಿನಲ್ಲಿ ಏನೇನೋ ಕೇಳ್ತಾನಂತೆ, ಇವರು ಹೇಳ್ತಾನೇ ಇರ್ತಾರೆ. ಇಷ್ಟು ತಾಳ್ಮೆಯಿಂದ ತನ್ನ ಮಾತು ಯಾರೂ ಕೇಳಿರಲಿಲ್ಲ ಅಂತ ನನ್ನ ಮುಂದೇನೇ ಅಂತಾರೆ.’ ಸ್ವಲ್ಪ ತಡೆದು, ದನಿ ತಗ್ಗಿಸಿ ಕೇಳಿದರು: ‘ಅದಿರ್ಲಿ, ಗಂಟೆಗೆ ಎಷ್ಟು ತಗೋತಾನೆ ಅವನು?’